ನಾಯಕನ ಜಾಗ

"ಇವನ ಕೊರಳಿಗೆ ಟೈ ಯಾರು ಕಟ್ಟಿದ್ದು?"

ಗಾಜಿಗೆ ಹಣೆ ಹಚ್ಚಿ ನಿಂತಿದ್ದ ಲೆಯಾಂದ್ರೋ ಯಾರನ್ನೂ ಕುರಿತು ಕೇಳಿರಲಿಲ್ಲ. ಗಾಜಿನಾಚೆಯ ತಣ್ಣನೆಯ ಕೋಣೆಯಲ್ಲಿ, ತೆರೆದ ಶವಪೆಟ್ಟಿಗೆಯೊಳಗೆ ನಿಕಾನೋರ್ ಮಲಗಿದ್ದ. ಎಪ್ಪತ್ತನಾಲ್ಕು ವರ್ಷದ ಮುಖ ತೊಳೆದಿಟ್ಟ ಬಟ್ಟಲಿನಂತೆ ಬರಿದಾಗಿತ್ತು. ಮದುವೆಯ ದಿನವೂ ಟೈ ಇಲ್ಲದೆ ಬಂದು ಪಾದ್ರಿಯಿಂದ ಬೈಸಿಕೊಂಡಿದ್ದವನು ಅವನು.

ಈಚೆಯ ಕೋಣೆಯಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಬಂದವರೆಲ್ಲ ಬಗ್ಗಿ ನಿಕಾನೋರನ ಹೆಂಡತಿ ಕಸಿಲ್ದಾಳ ಎರಡೂ ಕೆನ್ನೆಗೆ ಮುತ್ತಿಟ್ಟು, "ನಿನ್ನ ದುಃಖದಲ್ಲಿ ನಾವೂ ಇದ್ದೀವಮ್ಮ" ಎಂದು ಹೇಳಿ ಕಾಫಿಯ ಕಡೆಗೆ ಸರಿಯುತ್ತಿದ್ದರು. ಕಸಿಲ್ದಾ ಅಳುತ್ತಿರಲಿಲ್ಲ. ತನ್ನ ಹೆಸರನ್ನೇ ಮರೆತ ಗಂಡನಿಗೆ ಆರು ವರ್ಷ ತುತ್ತು ತಿನ್ನಿಸಿದವಳು. ಅವಳ ಅಳು ದಿನಕ್ಕಿಷ್ಟರಂತೆ ಮೊದಲೇ ಹರಿದುಹೋಗಿತ್ತು.

"ಲೋ ಲೆಯಾಂದ್ರೋ, ಬಾ ಇಲ್ಲಿ. ಯಾರ್ಯಾರು ಹೆಗಲು ಕೊಡೋದು ಅಂತ ನೋಡ್ಬೇಕು." ಹಳೆಯ ಗೋಲ್‌ಕೀಪರ್ ಮೊದೆಸ್ತೋ ಅವನ ತೋಳು ಹಿಡಿದ. "ನಮ್ಮ ತಂಡದ ಆ ಹನ್ನೊಂದರಲ್ಲಿ ಉಳಿದಿರೋದು ನಾಲ್ಕೇ ಜನ. ನನ್ನ ಸೊಂಟ ಉಕ್ಕಿಂದು, ಫಿದೆಲ್‌ಗೆ ಎದೇಲಿ ಯಂತ್ರ."

"ನಿನ್ ಕೈಲಿ ಚೆಂಡೇ ನಿಲ್ತಿರ್ಲಿಲ್ಲ, ಪೆಟ್ಟಿಗೆ ನಿಲ್ಲತ್ತೇನೋ?" ಎಂದ ಫಿದೆಲ್, ಕಾಫಿ ಲೋಟ ಹಿಡಿದು.

"ಏಯ್, ನಾನು ಬಿಟ್ಟಿದ್ದೆಲ್ಲ ದೇವ್ರೂ ಹಿಡಿಯಕ್ಕಾಗದಂಥವು ಕಣೋ!" ಮೊದೆಸ್ತೋ ನಕ್ಕ. ಗಾಜಿನ ಕಡೆ ಕಣ್ಣು ಹೋದದ್ದೇ ನಗು ಅಲ್ಲೇ ಇಂಗಿತು. "ಹೆಂಗೋ ಆಗತ್ತೆ, ನನ್ ಮಗ ಇದಾನೆ. ಮುಂದ್ಗಡೆ ಬಲಕ್ಕೆ ನೀನು. ಅದು ಕೇಳೋ ಮಾತೇ ಅಲ್ಲ."

ವಾಲ್ದೆರುಬಿಯಾ ಊರಿನಲ್ಲಿ ಫುಟ್‌ಬಾಲ್ ಕ್ಲಬ್ಬಿಗೆ ಆಡಿದವನನ್ನು ಇಗರ್ಜಿಯ ಬಾಗಿಲಿನಿಂದ ಗುಡ್ಡದ ಸ್ಮಶಾನದವರೆಗೆ ಕಾರಿನಲ್ಲಿ ಒಯ್ಯುವುದಿಲ್ಲ. ಜೊತೆಗೆ ಆಡಿದವರೇ ಹೊರಬೇಕು. ಮುಂದೆ ಬಲಗಡೆ ನಾಯಕನ ಜಾಗ. ಲೆಯಾಂದ್ರೋ ಹೀಗೆ ಆರು ಜನರನ್ನು ಹೊತ್ತಿದ್ದ. ಆರು ಸಲವೂ ಹೆಗಲು ನೊಂದಿತ್ತು, ಅಷ್ಟೇ. ಈ ಸಲ ಹೆಗಲೊಂದೇ ಸಾಲದು. ನಾಲ್ಕು ಗಂಟೆಗೆ ಪೂಜೆ. ಎತ್ತುವುದರೊಳಗೆ ಕಸಿಲ್ದಾಳಿಗೆ ಹೇಳಿಬಿಡಬೇಕು. ಹೇಳದೆ ಹೊತ್ತರೆ ಅದು ಅದೇ ಮನುಷ್ಯನಿಗೆ ಬಗೆದ ಎರಡನೆಯ ದ್ರೋಹ.

*

ಎಪ್ಪತ್ತೊಂಬತ್ತರ ಜೂನ್. ಗೆದ್ದರೆ ಎರಡನೇ ದರ್ಜೆ, ಸೋತರೆ ಮತ್ತೆ ಮಣ್ಣಿನ ಮೈದಾನಗಳು. ತಂಡಕ್ಕೆ ಮಾಲೀಸು ಮಾಡುವ ಎವಾರಿಸ್ತೋನ ಕೋಣೆಯಲ್ಲಿ ನಿಕಾನೋರ್ ಹಲಗೆಯ ಮೇಲೆ ಕಾಲು ಚಾಚಿ ಕೂತಿದ್ದ. ಎಡ ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು.

"ಆಗಲ್ಲ ಕಣೋ," ಅಂದ.

"ತೊಂಬತ್ತು ನಿಮಿಷ, ನಿಕಾ. ನೀನಿಲ್ದೆ ನಂಗೆ ಚೆಂಡು ಯಾರು ತಂದ್ಕೊಡ್ತಾರೆ?" ಲೆಯಾಂದ್ರೋ ಅವನ ಮುಂದೆ ಮಂಡಿಯೂರಿಯೇ ಕೂತಿದ್ದ.

ಎವಾರಿಸ್ತೋ ನೋವು ಮರೆಸುವ ಸೂಜಿ ಚುಚ್ಚಿದ. ಎಂಬತ್ತೇಳನೇ ನಿಮಿಷ. ನಡುಮೈದಾನದಿಂದ ನಿಕಾನೋರ್ ತಲೆಯೆತ್ತಿಯೂ ನೋಡದೆ ಕಳಿಸಿದ ಚೆಂಡು ಇಬ್ಬರು ಎದುರಾಳಿಗಳ ನಡುವೆ ನೂಲಿನಂತೆ ನುಸುಳಿ ಲೆಯಾಂದ್ರೋನ ಕಾಲಿಗೆ ಬಂದು ನಿಂತಿತು. ಅವನು ಒದ್ದ, ಅಷ್ಟೇ. ಊರು ಹೊತ್ತು ಮೆರೆಸಿದ್ದು ಒದ್ದವನನ್ನು. ನಲವತ್ತು ವರ್ಷ ಊರಿನ ಬಾರುಗಳಲ್ಲೆಲ್ಲ ತೂಗಿದ ಪಟದಲ್ಲಿ ಇರುವವನೂ ಅವನೇ. ಆ ಹೊತ್ತಿಗೆ ನಿಕಾನೋರ್ ಪಟದ ಹೊರಗೆಲ್ಲೋ ಕಾಲು ಹಿಡಿದು ಹುಲ್ಲಿನ ಮೇಲೆ ಕೂತಿದ್ದ.

ಮರುವರ್ಷ ವಸಂತದಲ್ಲಿ ಕ್ಲಬ್ಬಿನ ಅಧ್ಯಕ್ಷ ದೋನ್ ಫಾಕುಂದೋ ನಾಯಕ ಲೆಯಾಂದ್ರೋನನ್ನು ಕಾಫಿಗೆ ಕರೆದರು. "ನೀವಿಬ್ರೂ ಮೂವತ್ತು ದಾಟಿದ್ದೀರಿ. ಇನ್ನೆರಡು ವರ್ಷ ಒಬ್ಬನ್ನ ಮಾತ್ರ ಇಟ್ಕೊಳ್ಳಕ್ಕಾಗೋದು. ನಿಕಾನೋರ್ ಹೇಗಿದಾನೆ? ನೀನೇ ಹೇಳಪ್ಪ."

ಬಟ್ಟೆ ಬದಲಿಸುವ ಕೋಣೆಯ ಮಾತು ಹೊಸಿಲು ದಾಟಬಾರದು. ಹದಿನಾರರ ಹುಡುಗರಿಗೆ ಲೆಯಾಂದ್ರೋನೇ ಕಲಿಸಿದ ಪಾಠ ಅದು. ಅವನು ಚಮಚ ತಿರುಗಿಸುತ್ತ ಹೇಳಿದ:

"ಅವನ ಎಡ ಮೊಣಕಾಲು ಮುಗ್ದಿದೆ. ಸೂಜಿ ಮೇಲೇ ಆಡ್ತಿದಾನೆ."

ನಿಕಾನೋರ್ ಆಡಿದ್ದು ಹದಿನಾಲ್ಕು ವರ್ಷ, ನಾನೂರ ಹನ್ನೆರಡು ಆಟ, ತನ್ನದೆನ್ನುವ ಏಳು ಗೋಲು. ಆ ವಾರ ಅವನ ಬೂಟುಗಳು ಪ್ಲಾಸ್ಟಿಕ್ ಚೀಲದಲ್ಲಿ ಕಾವಲುಗಾರನ ಕೈಯಿಂದ ಅವನ ಮನೆಗೆ ಬಂದವು; ಜೊತೆಗೆ ತಂಡದಿಂದ ಕೈಬಿಟ್ಟ ಕಾಗದ.

*

ಇಗರ್ಜಿಯೊಳಗೆ ಹೆಂಗಸರು ಹೋದರು. ಗಂಡಸರು ರೂಢಿಯಂತೆ ಎದುರಿನ ಬಾರಿಗೆ ನಡೆದರು.

"ಬಾರೋ, ಒಂದು ಲೋಟ ವೈನ್ ಇಳಿಸು. ಪಾದ್ರಿ ಪ್ರಸಂಗ ಮುಗಿಸೋ ಹೊತ್ಗೆ ವಾಪಸ್ ಬರೋಣ," ಎಂದ ಮೊದೆಸ್ತೋ.

"ನಾನು ಒಳಗೆ ಹೋಗ್ತೀನಿ."

"ನೀನಾ? ಮಗಳ ಮದುವೇಲೂ ಬಾಗಿಲಲ್ಲೇ ಸಿಗರೇಟ್ ಸೇದ್ತಿದ್ದೋನು! ಮಳೆ ಬರತ್ತೆ ಬಿಡು."

ಲೆಯಾಂದ್ರೋ ಕಡೆಯ ಕಂಬಕ್ಕೆ ಒರಗಿ ನಿಂತ. ಜನ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ಪ್ರಾರ್ಥನೆ ಅವನಿಗೆ ತಾಯಿ ಕಲಿಸಿದ್ದೇ. ಹಾಲಿನ ಜೊತೆ ಇಳಿದ ಸಾಲುಗಳು. ಬಾಯಿ ತಾನಾಗಿ ಕೂಡಿಕೊಂಡಿತು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಪ್ರಕಾರ... ಅಲ್ಲಿಗೆ ಬಂದಾಗ ದನಿ ನಿಂತಿತು. ಮಿಕ್ಕವರ ದನಿ ಅವನನ್ನು ಅಲ್ಲೇ ಬಿಟ್ಟು ಮುಂದೆ ಹೋಯಿತು.

*

ಕ್ಲಬ್ಬು ಬಿಟ್ಟ ಮೇಲೆ ನಿಕಾನೋರ್ ಅಡುಗೆ ಅನಿಲದ ಸಿಲಿಂಡರ್ ಹೊರುವ ಕೆಲಸಕ್ಕೆ ಸೇರಿದ. ಕಿತ್ತಳೆ ಬಣ್ಣದ ಸಿಲಿಂಡರನ್ನು ಹೆಗಲಿಗೇರಿಸಿ ಮನೆಮನೆಗೆ ಮೆಟ್ಟಿಲು ಹತ್ತುವುದು. ಲೆಯಾಂದ್ರೋನ ಮನೆ ನಾಲ್ಕನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ.

ಮಂಗಳವಾರಗಳಲ್ಲಿ ಲೆಯಾಂದ್ರೋ ಅಡುಗೆಮನೆಯಲ್ಲಿ ಕೂತು ಆಲಿಸುತ್ತಿದ್ದ. ಒಂದು ಹೆಜ್ಜೆ ಭಾರ, ಒಂದು ಹೆಜ್ಜೆ ಎಳೆತ. ಎರಡನೇ ಮಹಡಿಯಲ್ಲಿ ಸದ್ದು ನಿಲ್ಲುತ್ತಿತ್ತು. ಇಳಿದುಹೋಗಿ ಕೈಕೊಡಬೇಕು ಅನ್ನಿಸುತ್ತಿತ್ತು. ಇಳಿದರೆ ಮೆಟ್ಟಿಲ ಮೇಲೆ ಇಬ್ಬರೇ ಇರುತ್ತೇವಲ್ಲ ಎಂಬ ಭಯಕ್ಕೆ ಅಲ್ಲೇ ಕೂರುತ್ತಿದ್ದ. ಮತ್ತೆ ಭಾರ, ಮತ್ತೆ ಎಳೆತ. ಕೊನೆಗೆ ಬಾಗಿಲಲ್ಲಿ ಬೆವರಿದ ಮುಖ.

"ಚೆಂಡು ಬಂತು, ನಾಯಕ್ರೇ!"

"ಒಳಗೆ ಬಾರೋ. ಒಂದು ಬಿಯರ್ ಕುಡಿ."

ನಿಕಾನೋರ್ ಚೌಕಟ್ಟಿಗೆ ಒರಗಿ ನಿಂತೇ ಕುಡಿಯುತ್ತಿದ್ದ. ಭಾನುವಾರದ ಆಟ, ಹುಡುಗರು ತಲೆಯೆತ್ತದೆ ಓಡುವುದು, ಹುಲ್ಲಿಗೆ ನೀರು ಸಾಲದ್ದು. ಮಾತು ಮುಗಿದ ಮೇಲೂ ಒಂದು ಗಳಿಗೆ ಅವನು ಹಾಗೇ ಮುಖ ನೋಡುತ್ತ ನಿಲ್ಲುತ್ತಿದ್ದ. ದಣಿವಾರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಲೆಯಾಂದ್ರೋ ಕಣ್ಣು ತಪ್ಪಿಸುತ್ತಿದ್ದ. ಆಮೇಲೆ ಖಾಲಿ ಸಿಲಿಂಡರ್ ಎತ್ತಿಕೊಂಡು, "ಬರ್ತೀನಪ್ಪಾ" ಎಂದು ಅವನು ಇಳಿದುಹೋಗುತ್ತಿದ್ದ.

*

ಪೂಜೆ ಮುಗಿಯಿತು. ವೈನಿನ ವಾಸನೆಯೊಂದಿಗೆ ಗಂಡಸರು ಒಳಬಂದರು. ಲೆಯಾಂದ್ರೋ ಮುಂದಿನ ಬೆಂಚಿಗೆ ನಡೆದು ಕಸಿಲ್ದಾಳ ಪಕ್ಕ ಕೂತ.

"ಕಸಿಲ್ದಾ, ಒಂದ್ ಮಾತು."

"ಹೇಳು."

"ಎಂಬತ್ತರಲ್ಲಿ... ದೋನ್ ಫಾಕುಂದೋಗೆ ಅವನ ಮೊಣಕಾಲಿನ ವಿಷಯ ಹೇಳಿದ್ದು ನಾನು."

ಅವಳು ಪೆಟ್ಟಿಗೆಯ ಕಡೆಗೇ ನೋಡುತ್ತಿದ್ದಳು.

"ಗೊತ್ತು."

"ಅವನಿಗೂ ಗೊತ್ತಿತ್ತಾ?"

"ಅವನೇ ನಂಗೆ ಹೇಳಿದ್ದು. ಕಾಗದದಲ್ಲಿ ಎಡ ಮೊಣಕಾಲು, ಸೂಜಿ ಅಂತ ಬರ್ದಿತ್ತು. ಸೂಜಿ ವಿಷಯ ಗೊತ್ತಿದ್ದೋರು ನೀವು ಮೂರೇ ಜನ. ಎವಾರಿಸ್ತೋ ಹೆಂಡ್ತಿ ಹತ್ರಾನೂ ಬಾಯಿ ಬಿಡೋನಲ್ಲ. ಕಾಗದಾನ ನಿಕಾ ಅಡುಗೆಮನೇಲಿ ಕೂತು ಎರಡು ಸಲ ಓದ್ದ. 'ಲೆಯಾಂದ್ರೋಗೆ ಮೂರು ಮಕ್ಳು ಕಣೇ' ಅಂದ. ಅಷ್ಟೇ."

"ಮತ್ತೆ ನಮ್ಮನೆಗೆ... ಅಷ್ಟು ಮೆಟ್ಲು ಹತ್ಕೊಂಡು..."

"ಆ ಬೀದಿ ಬೇರೆಯವ್ರಿಗೆ ಕೊಡ್ತೀವಿ ಅಂದ್ರು. ಒಪ್ಲಿಲ್ಲ. ರಾತ್ರಿಯೆಲ್ಲ ಕಾಲಿಗೆ ಶಾಖ ಕೊಡ್ತಾ ನಾನೂ ಜಗಳ ಆಡಿದೀನಿ. 'ಒಂದಲ್ಲ ಒಂದಿನ ಹೇಳ್ತಾನೆ. ನಾನೇ ಹೋಗ್ದಿದ್ರೆ ಪಾಪ ಯಾರಿಗ್ ಹೇಳ್ತಾನೆ' ಅಂತಿದ್ದ." ಅವಳ ದನಿ ಮೊದಲ ಸಲ ಒಡೆಯಿತು. "ಇಪ್ಪತ್ತಾರು ವರ್ಷ ಹತ್ತಿದ, ಲೆಯಾಂದ್ರೋ. ಆಮೇಲೆ ಎಲ್ಲ ಮರ್ತ. ಏನಕ್ಕೆ ಕಾಯ್ತಿದ್ದೆ ಅನ್ನೋದನ್ನೂ ಮರ್ತ."

"ಲೆಯಾಂದ್ರೋ!" ಪೆಟ್ಟಿಗೆಯ ಬಳಿಯಿಂದ ಮೊದೆಸ್ತೋ ಕರೆದ. "ಬಾರಪ್ಪ, ಎತ್ಬೇಕು."

ಐದು ಜನ ತಮ್ಮತಮ್ಮ ಜಾಗದಲ್ಲಿ ನಿಂತಿದ್ದರು. ಮುಂದೆ ಬಲಗಡೆ ಮಾತ್ರ ತೆರವಾಗಿತ್ತು.

ಲೆಯಾಂದ್ರೋ ಏಳಲು ನೋಡಿದ. ಮತ್ತೆ ಕೂತ. ಬೆಂಚಿನ ಅಂಚು ಹಿಡಿದುಕೊಂಡ.

"ನನ್ನ ಬಿಟ್ಬಿಡು ಕಸಿಲ್ದಾ. ನನ್ ಜಾಗಕ್ಕೆ ಬೇರೆ ಯಾರಾದ್ರೂ ನಿಲ್ಲಲಿ. ನಾನು ಎಲ್ರಿಗಿಂತ ಹಿಂದೆ ನಡ್ಕೊಂಡು ಬರ್ತೀನಿ. ದಮ್ಮಯ್ಯ. ನೀನು ಒಂದ್ ಮಾತು ಹೇಳಿದ್ರೆ ಅವ್ರು ಕೇಳ್ತಾರೆ."

ಕಸಿಲ್ದಾ ಎದ್ದು ನಿಂತಳು. ಅವನ ಕೋಟಿನ ಎಡ ಹೆಗಲಿಗೆ, ಪೆಟ್ಟಿಗೆ ಕೂರುವ ಜಾಗಕ್ಕೆ, ಕಂಬದ ಸುಣ್ಣ ಮೆತ್ತಿತ್ತು. ಅಂಗೈಯಿಂದ ಅದನ್ನು ಒಂದು ಸಲ ಕೊಡವಿದಳು, ಮತ್ತೊಂದು ಸಲ ಕೊಡವಿದಳು. ಮಲಗುವವರಿಗೆ ಹಾಸಿಗೆ ಸರಿಮಾಡುವ ಹಾಗೆ, ಸುಕ್ಕಿಲ್ಲದಂತೆ ನೀವಿದಳು.

"ಇಲ್ಲ," ಎಂದಳು.