ಮಳೆ ಪಾತ್ರೆಗೆ ಸುರಿದ ಚೊಂಬು ನೀರು

2007ರ ಜನವರಿ. ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ‘ಭೂಮಿ ಬಿಸಿಯಾಗುತ್ತಿರುವುದು ನಿಜವೇ?’ ಎಂಬ ಚರ್ಚಾಸ್ಪರ್ಧೆಯಲ್ಲಿ ಗೆದ್ದವರು ಮೈಸೂರಿನ ರಾಜ್ಯಮಟ್ಟದ ಸ್ಪರ್ಧೆಗೆ ಹೋಗುವುದಿತ್ತು. ನಿಜ ಎಂದು ವಾದಿಸುವವಳು ನಾನು; ಗೆಲ್ಲುವವಳೂ ನಾನೇ ಆಗಬೇಕೆಂದು ಹಟ ಹಿಡಿದಿದ್ದೆ. ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಶಾಲೆಯ ಮಳೆಮಾಪಕದಲ್ಲಿ ಬರದ ವರ್ಷಗಳಲ್ಲೂ ಇದ್ದಕ್ಕಿದ್ದಂತೆ ಒಂದೇ ದಿನ ಎರಡು ಇಂಚು ಮಳೆ ದಾಖಲಾಗಿತ್ತು. ಹವಾಮಾನಕ್ಕೆ ಹುಚ್ಚು ಹಿಡಿದಿದೆ ಎನ್ನಲು ಇನ್ನೇನು ಬೇಕು?

ಚರ್ಚೆಯ ಹಿಂದಿನ ಸಂಜೆ ಬಟವಾಡಿಯ ಬಾಡಿಗೆ ಮನೆಯಲ್ಲಿ ಭಾಷಣವನ್ನು ರಂಗಮ್ಮತ್ತೆಗೆ ಓದಿ ಹೇಳಿದೆ. ಅಪ್ಪನ ಅಕ್ಕ, ಚರ್ಚೆ ಕೇಳಲೆಂದೇ ಹಾಗಲವಾಡಿಯಿಂದ ಬಂದಿದ್ದಳು. ಅವರೆಕಾಯಿ ಸುಲಿಯುತ್ತಿದ್ದ ಅವಳ ಕೈ ನಿಂತಿತು.

“ಅದು ಮಳೆ ಅಲ್ಲ ಕಣೇ ಶೃತಿ. ಮಳೆ ಹೋದಾಗ ಮಣ್ಣಿನ ಮಳೆರಾಯನ್ನ ತಲೆ ಮೇಲೆ ಹೊತ್ಕೊಂಡು ಮನೆಮನೆಗೆ ಬರ್ತಾರಲ್ಲ, ಅವನ ಮೇಲೆ ನೀರು ಸುರಿದು, ಇಸ್ಕೂಲ್ ಹತ್ರ ಇರೋ ಆ ಪಾತ್ರೆಗೂ ಒಂದು ಚೊಂಬು ಹಾಕ್ತಿದ್ದೆ.”

“ಯಾಕತ್ತೆ?”

“ಮಳೆಗೆ ಅಂತ ಸರ್ಕಾರದೋರು ಇಟ್ಟಿರೋದು. ಖಾಲಿ ಇದ್ರೆ ಮಳೆರಾಯ ಬೇಜಾರು ಮಾಡ್ಕೊಳಲ್ವಾ? ನನ್ನ ಹೆಸರು ಮಾತ್ರ ಎತ್ಬೇಡ. ಅದನ್ನ ಅಳೆದು ಬರ್ಕೊಳೋ ಮೇಷ್ಟ್ರಿಗೆ ಮುಖ ತೋರ್ಸಕಾಗಲ್ಲ.”

ಮೈಯೆಲ್ಲ ಉರಿದರೂ, ಹೆಸರೆತ್ತುವುದಿಲ್ಲ ಎಂದು ಮಾತು ಕೊಟ್ಟೆ. ಚರ್ಚೆಗೆಂದು ಬರೆದು ತಂದಿದ್ದ ಗುಬ್ಬಿ, ಕುಣಿಗಲ್ ಎರಡೂ ಕಡೆಯ ಮಳೆ ಅಂಕಿಗಳನ್ನು ತೆಗೆದು ನೋಡಿದೆ. ಆ ದಿನಗಳಲ್ಲಿ ಎಲ್ಲೂ ಒಂದು ಹನಿ ಬಿದ್ದಿರಲಿಲ್ಲ.

ಮರುದಿನ ವೇದಿಕೆಯ ಮೇಲೆ, ಅತ್ತೆಯ ಹೆಸರೊಂದನ್ನು ಬಿಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಒಂದು ಪಾತ್ರೆ ಸುಳ್ಳು ಹೇಳಬಹುದು, ಅಕ್ಕಪಕ್ಕದ ಪಾತ್ರೆಗಳು ಅದನ್ನು ಹಿಡಿದುಕೊಡುತ್ತವೆ. ವಿಜ್ಞಾನಿಗಳು ನೆಚ್ಚಿರುವುದು ಒಂದು ಊರಿನ ಅಳತೆಯನ್ನಲ್ಲ. ಸಾವಿರಾರು ಕಡೆಯ ಥರ್ಮಾಮೀಟರು, ಕರಗುವ ಹಿಮ, ಏರುವ ಸಮುದ್ರ ಎಲ್ಲವೂ ಒಂದೇ ಮಾತು ಹೇಳುತ್ತಿವೆ ಎಂದೆ.

ಎದುರಾಳಿ ಕನಕರಾಜು ಎದ್ದ. “ಅಳತೆ ಸುಳ್ಳು ಅಂತ ಇವರೇ ಒಪ್ಕೊಂಡ್ರು. ಅದನ್ನ ಮುಚ್ಚೋಕೆ ಈಗ ಚೊಂಬಿನ ಕಥೆ ಕಟ್ತಿದ್ದಾರೆ. ಯಾರು ಸುರಿದ್ರು, ಹೆಸರು ಹೇಳ್ಲಿ ನೋಡೋಣ.”

ಸಭೆ ನಕ್ಕಿತು. ಅತ್ತೆಗೆ ಮಾತು ಕೊಟ್ಟಿದ್ದೆ, ಹೆಸರು ಹೇಳುವಂತಿರಲಿಲ್ಲ. ಆಗ ಹಿಂದಿನ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು ಅತ್ತೆ ಎದ್ದು ನಿಂತಳು.

“ಸುರಿದೋಳು ನಾನೇ ಕಣಪ್ಪ. ಹಾಗಲವಾಡಿ ರಂಗಮ್ಮ. ನಮ್ಮ ಹುಡುಗಿ ಸುಳ್ಳು ಹೇಳಾಕಿಲ್ಲ.”

ಯಾರೂ ನಗಲಿಲ್ಲ. ಆದರೂ ತೀರ್ಪುಗಾರರು ಮೈಸೂರಿಗೆ ಕಳಿಸಿದ್ದು ಕನಕರಾಜುವನ್ನೇ; ಅವನ ಮಾತಿನ ಓಟ ಚೆನ್ನಾಗಿತ್ತಂತೆ. ಹೊರಡುವಾಗ ಅವನು ನನ್ನ ಬಳಿ ಬಂದು ಗುಬ್ಬಿಯ ಅಂಕಿಗಳನ್ನು ಕೇಳಿ ಬರೆದುಕೊಂಡ.

ಸಿಟಿ ಬಸ್ಸಿನಲ್ಲಿ ಅತ್ತೆ ನನ್ನ ಕಡೆ ತಿರುಗಿದಳು. “ನಿನ್ನೆ ನಾನು ಬಾಯಿ ಮುಚ್ಕೊಂಡಿದ್ರೆ ನೀನು ಮೈಸೂರಿಗೆ ಹೋಗ್ತಿದ್ದೆ, ಅಲ್ವಾ?”

“ಹೋಗ್ತಿದ್ದೆ ಅತ್ತೆ. ಹೋಗಿ, ನಿನ್ನ ಚೊಂಬು ನೀರನ್ನ ಮಳೆ ಅಂತ ಹೇಳಿ ಬರ್ತಿದ್ದೆ. ನೀನು ನನ್ನ ಉಳಿಸ್ದೆ.”

ಅವರೆಕಾಯಿ ವಾಸನೆ ಇನ್ನೂ ಹೋಗಿರದ ಆ ಕೈಯನ್ನು ನಮ್ಮ ಸ್ಟಾಪ್ ಬರುವವರೆಗೂ ಹಿಡಿದುಕೊಂಡಿದ್ದೆ.