ಗೂಡುಸಾಬ ಓಡಿದ್ದು ಯಾಕ

ಮಿರಗದ ಮಳೆ ಹಿಡಿದ ನಾಲ್ಕನೇ ದಿನ, ಶುಕ್ರವಾರ, ಹೊತ್ತು ಹನ್ನೊಂದರ ಮೇಲಾಗಿತ್ತು. ವಾಸ್ಕೋದ ಆಚೆ ಒಂದು ಕಟ್ಟಡದ ಪಾಯ ತೋಡುವಾಗ ಗುಡ್ಡದ ಮಣ್ಣು ಜಾರಿ ಕೂಲಿ ಪರಶುವಿನ ಮೇಲೆ ಬಿತ್ತು. ಮೇಲಿನ ಅಂಚಿನಲ್ಲಿ ಜೆಸಿಬಿ ಗಡಗಡ ಅನ್ನುತ್ತಲೇ ಇತ್ತು. ಆ ಸದ್ದಿನಲ್ಲಿ ಡ್ರೈವರನಿಗೆ ಕೆಳಗಿನ ಕೂಗು ಕೇಳಿಸಲೇ ಇಲ್ಲ. ಮೂವತ್ತು ವರ್ಷ ಪಾಯ ತೋಡಿದ ಅಮೀನಪ್ಪನಿಗೆ ಗೊತ್ತಿತ್ತು, ಮಷೀನಿನ ನಡುಕ ನಿಲ್ಲದಿದ್ದರೆ ಉಳಿದ ಮಣ್ಣೂ ಎಲ್ಲರ ಮೇಲೆ ಬೀಳುತ್ತದೆ.

"ಗೂಡುಸಾಬಾ, ಮ್ಯಾಲ ಓಡು! ಮೊದಲ ಮಷೀನ ಬಂದ್ ಮಾಡ್ಸು!"

ಗೂಡುಸಾಬ ಓಡಿದ. ಮಷೀನು ನಿಂತಿತು. ಪರಶು ಸಿಕ್ಕಾಗ ಉಸಿರಿರಲಿಲ್ಲ.

ಗೂಡುಸಾಬ, ಪರಶು ಒಂದೇ ಊರಿನವರು. ದುಡಿಯಲು ಬಂದ ವಾಸ್ಕೋದ ಮಂಗೋರ್ ಹಿಲ್ಲಿನಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ.

ಎದುರಿನ ಮಹಡಿಯಿಂದ ಯಾರೋ ವಿಡಿಯೋ ಮಾಡಿದ್ದರು. ಅದರಲ್ಲಿ ಅಮೀನಪ್ಪನ ಕೂಗಿಲ್ಲ, ಮಳೆಯ ಸದ್ದಷ್ಟೇ. ಎಲ್ಲರೂ ಮಣ್ಣು ಕೆದರುತ್ತಾರೆ, ಒಬ್ಬ ಬೆನ್ನು ತಿರುಗಿಸಿ ಓಡುತ್ತಾನೆ. ಸಂಜೆಯೊಳಗೆ ಅದಕ್ಕೊಂದು ಅಳುವ ಹಾಡು ಹಚ್ಚಿ 'ಗೆಳೆಯನನ್ನು ಮಣ್ಣಲ್ಲಿ ಬಿಟ್ಟು ಓಡಿದವ' ಎಂದು ಬರೆದರು. ಸತ್ತವನ ಹೆಸರು ಯಾರೂ ಕೇಳಲಿಲ್ಲ. ಓಡಿದವನ ಹೆಸರು, ಜಾತಿ, ಮನೆ ಎಲ್ಲ ಹುಡುಕಿ ತೆಗೆದರು.

ಗೂಡುಸಾಬನ ಹೆಂಡತಿ ಹಸೀನಾ ಅವತ್ತೇ ಅಮೀನಪ್ಪನ ಹತ್ತಿರ ಬಂದಳು. "ಕಾಕಾ, ಮೀನಕ್ಕಗ ನೀವೊಂದು ಮಾತು ಹೇಳ್ರಿ."

"ತಡಿಯವ್ವಾ. ಗಂಡನ ಹೆಣ ಇನ್ನಾ ದವಾಖಾನ್ಯಾಗ ಐತಿ. ಈಗ ಆಕಿ ಏನ ಕೇಳ್ಯಾಳು? ಮಂದಿ ಮಾತು ಎರಡ ದಿನ."

ಊರಲ್ಲಿ ಎಂಥೆಂಥ ಸುದ್ದಿ ಎದ್ದು ಮಲಗಿದ್ದನ್ನು ಅವನು ಕಂಡಿದ್ದ. ಮಾತು ಬಾಯಿಂದ ಬಾಯಿಗೆ ಹೋಗುತ್ತ ಸವೆಯುತ್ತದೆ. ಇದು ಸವೆಯಲಿಲ್ಲ. ವಿಡಿಯೋ ಒತ್ತಿದಾಗೆಲ್ಲ ಗೂಡುಸಾಬ ಹೊಸದಾಗಿ ಓಡಿದ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಬುತ್ತಿ ಒಯ್ಯುತ್ತಾರೆ. ರವಿವಾರ ಹಸೀನಾ ರೊಟ್ಟಿ, ಬ್ಯಾಳಿ ಕಟ್ಟಿಕೊಂಡು ಪರಶುವಿನ ಹೆಂಡತಿ ಮೀನಾಳ ಬಾಗಿಲಿಗೆ ಹೋದಳು. ಅಮೀನಪ್ಪ ಅಲ್ಲೇ ಕೂತಿದ್ದ.

"ಅಕ್ಕಾ, ಎರಡು ತುತ್ತರ ತಿನ್ನವಾ."

ಮೀನಾ ಗಂಟು ಮುಟ್ಟಲಿಲ್ಲ. "ನಿನ್ನ ಗಂಡ ಓಡಿದ್ದು ನಾ ಕಣ್ಣಾರೆ ನೋಡೇನಿ."

"ನೀ ಅಲ್ಲಿ ಇದ್ದಿಲ್ಲಲ್ಲ ಅಕ್ಕಾ?"

"ಮೊಬೈಲನ್ಯಾಗ ನೋಡೇನಿ. ನೂರು ಸಲ."

ಅಮೀನಪ್ಪ ಎದ್ದ. "ಮೀನವ್ವಾ, ಅವನ್ನ ಓಡಿಸಿದಾಂವ ನಾನು. ಮಷೀನ ನಿಂದರಸಾಕ ಕಳಿಸಿದ್ನಿ. ಅಂವ ಓಡಲಿಲ್ಲಂದ್ರ ನಾವೂ ಉಳೀತಿದ್ದಿಲ್ಲ."

ಮೀನಾಳ ತಮ್ಮ ಯಮನೂರ ಒಳಗಿಂದಲೇ ನಕ್ಕ. "ಬರ್ರಿ ಕಾಕಾ, ಬರ್ರಿ! ವಿಡಿಯೋದಾಗ ನಿಮ್ಮ ದನಿ ಎಲ್ಲೈತಿ? ಸಾಬರ ಮನಿ ಬಿರ್ಯಾನಿ ಭಾಳ ರುಚಿ ಹತ್ತೇತೇನು? ಖರೇ ಇದ್ರ ಮೂರು ದಿನ ಬಾಯಾಗ ಏನ ಇಟ್ಟಕೊಂಡಿದ್ರಿ?"

ಅಮೀನಪ್ಪ ಎದ್ದಲ್ಲೇ ಮತ್ತೆ ಕೂತ.

ಮೀನಾ ಅವನನ್ನೇ ನೋಡಿದಳು. "ಅವತ್ತ ಹೇಳಿದ್ರ ನಂಬತಿದ್ನೇನೋ ಕಾಕಾ. ಈಗ ಕಣ್ಣು ಮುಚ್ಚಿದ್ರ ಅಂವ ಓಡೂದ ಕಾಣ್ತೈತಿ."

ಹಸೀನಾ ಗಂಟು ಎತ್ತಿಕೊಂಡು ಹೋದಳು.

ಮರುದಿನ ಮುಕಾದಮ ಗೂಡುಸಾಬನಿಗೆ ಕೆಲಸಕ್ಕೆ ಬರಬೇಡ ಅಂದ. ಅಮೀನಪ್ಪ ಗೂಡುಸಾಬನ ಮನೆಗೆ ಹೋದಾಗ ಪಾತ್ರೆಗಳು ಚೀಲಕ್ಕೆ ಇಳಿಯುತ್ತಿದ್ದವು.

"ನಾ ಕಳಿಸಿದ್ನಿ ಅಂತ ನೀನರ ಯಾಕ ಹೇಳಲಿಲ್ಲೋ?"

"ಹೇಳಿದ್ರ ಮೊಬೈಲನ್ಯಾಗ ನಿಮ್ಮ ಹೆಸರೂ ಹಾಕತಿದ್ರು ಕಾಕಾ," ಎಂದ ಗೂಡುಸಾಬ. "ಈ ವಯಸ್ಸಿನ್ಯಾಗ ನೀವು ಎಲ್ಲಿಗಿ ಹೋಗ್ತಿದ್ರಿ?"

ಗೂಡುಸಾಬ, ಹಸೀನಾ, ಮಗಳು ಕೈನಾತ ಬುಧವಾರ ಮುಂಜಾನೆ ಊರ ಕಡೆಗೆ, ವಿಜಾಪುರದ ಬಸ್ ಹತ್ತಿದರು.