ಕೆಮ್ಮು ಕೇಳಿಸಬಾರದು

ಅತ್ತೆಗೆ ಮೊದಲ ಕೆಮ್ಮು ಬಂದಾಗ ಸೊಸೆ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಒಣ ಕೆಮ್ಮು, ಒಂದೇ ಸಲ. ಬಟ್ಟೆಯನ್ನು ಕೈಯಲ್ಲಿ ಹಾಗೆಯೇ ಹಿಡಿದು ನಿಂತುಬಿಟ್ಟಳು.

"ಧೂಳು ಕಣೇ," ಎಂದರು ಅತ್ತೆ. "ಹತ್ತಿ ಧೂಳು. ಹೆಣ ನೋಡಿದ ಹಾಗೆ ನೋಡಬೇಡ ನನ್ನ."

ಧೂಳಿಗೇನೂ ಅಲ್ಲಿ ಬರವಿರಲಿಲ್ಲ. ಅವರಿಬ್ಬರೂ ಇದ್ದದ್ದು ಒಂದು ಹಾಸಿಗೆ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಸುತ್ತ ಸೂರು ಮುಟ್ಟುವಂತೆ ಪೇರಿಸಿದ ಹಾಸಿಗೆಗಳು, ಮೂಲೆಯಲ್ಲಿ ಹತ್ತಿಯ ಮೂಟೆ, ಒಂದು ನಲ್ಲಿ, ಓಣಿಗೆ ತೆರೆಯುವ ತಗಡಿನ ಬಾಗಿಲು. ತಮ್ಮ ದೇಶದಿಂದ ಜೀವ ಕೈಯಲ್ಲಿ ಹಿಡಿದು ಓಡಿಬಂದವರು ಅವರು. ಅತ್ತೆಯ ಮಗ, ಅಂದರೆ ಸೊಸೆಯ ಗಂಡ, ಅಲ್ಲಿಯ ಸೆರೆಮನೆಯಲ್ಲೇ ಸತ್ತಿದ್ದ. ಇಲ್ಲಿ ಆಶ್ರಯ ಕೊಡಿ ಎಂದು ಹಾಕಿದ ಅರ್ಜಿಯನ್ನು ಸರ್ಕಾರ ತಳ್ಳಿಹಾಕಿತ್ತು. ಅದರ ಜೊತೆಗೇ ಇರಲು ಕೊಟ್ಟಿದ್ದ ಕೋಣೆ ಹೋಯಿತು, ಭತ್ಯೆಯೂ ನಿಂತಿತು. ಸೊಸೆ ಕದ್ದುಮುಚ್ಚಿ ಈ ಅಂಗಡಿಯಲ್ಲಿ ಹಾಸಿಗೆ ಹೊಲಿದು ಇಬ್ಬರ ಹೊಟ್ಟೆ ಹೊರೆಯುತ್ತಿದ್ದಳು. ಅಷ್ಟರಲ್ಲಿ ಊರಿಗೆ ಉಸಿರಿನ ಅಂಟುರೋಗ ಬಂತು. ಅಂಗಡಿಗಳೆಲ್ಲ ಮುಚ್ಚಿದವು.

"ಇರೋದಾದ್ರೆ ಇರಿ," ಎಂದಿದ್ದ ಮಾಲೀಕ, ಮುಂಬಾಗಿಲಿಗೆ ಬೀಗ ಜಡಿಯುತ್ತ. "ದೀಪ ಹಾಕಬೇಡಿ, ಸದ್ದು ಮಾಡಬೇಡಿ. ಯಾರಾದ್ರೂ ಹಿಡಿದ್ರೆ ನಿಮ್ಮ ಮುಖಾನೇ ನಾನು ನೋಡಿಲ್ಲ."

ಹಸಿವಿನಿಂದ ಅವರನ್ನು ಉಳಿಸಿದವಳು ಒಬ್ಬ ಬಸ್ ಡ್ರೈವರ್. ಬಸ್ಸುಗಳು ನಿಂತ ಮೇಲೆ ಆಕೆಯೂ ಅವಳ ಬೀದಿಯ ಇನ್ನಷ್ಟು ಜನರೂ ಸೇರಿ ಅಡುಗೆ ಮಾಡಿ, ದಿಕ್ಕಿಲ್ಲದವರ ಬಾಗಿಲಿಗೆ ಊಟ ಮುಟ್ಟಿಸುತ್ತಿದ್ದರು. ಇವರಿಬ್ಬರ ಸುಳಿವು ಕೊಟ್ಟವನು ಕ್ಷೌರದಂಗಡಿಯವನು. ಅವನೂ ಇವರ ದೇಶದವನೇ, ಎಷ್ಟೋ ವರ್ಷಗಳ ಹಿಂದೆ ಬಂದು ಈ ಊರಿನವನೇ ಆಗಿಹೋದವನು. ಡ್ರೈವರ್ ಬಂದು ತಗಡು ಬಡಿದು, ಚೀಲ ಕೆಳಗಿಟ್ಟು, ದೂರ ಸರಿದು, "ಹುಷಾರಾಗಿದೀರಾ?" ಎಂದು ಕೂಗುತ್ತಿದ್ದಳು. ಸೊಸೆ ಒಳಗಿಂದಲೇ, "ಹುಷಾರು ಅಕ್ಕ," ಎನ್ನುತ್ತಿದ್ದಳು. ಈ ಊರಿನ ಭಾಷೆ ಅವಳಿಗೆ ಅಷ್ಟಿಷ್ಟು ಬರುತ್ತಿತ್ತು. ಅತ್ತೆಗೆ ಒಂದಕ್ಷರವೂ ಬಾರದು. ಆದರೂ ಆ ಡ್ರೈವರಿಗೆ ಬಸ್ಸಮ್ಮ ಎಂದು ಹೆಸರಿಟ್ಟವರು ಅವರೇ. "ಈ ಬಸ್ಸಮ್ಮಂಗೂ ಉಪ್ಪಿಗೂ ಏನೋ ಹಳೇ ಜಗಳ ಇರಬೇಕು," ಎಂದು ಗೊಣಗುತ್ತಲೇ ಡಬ್ಬಿ ಬಳಿದು ಖಾಲಿ ಮಾಡುತ್ತಿದ್ದರು.

ಕೆಮ್ಮಿನ ಹಿಂದೆಯೇ ಜ್ವರ ಬಂತು. ಅತ್ತೆಯ ಮೈ ಇಸ್ತ್ರಿ ಪೆಟ್ಟಿಗೆಯಂತೆ ಸುಡುತ್ತಿತ್ತು. ಬಸ್ಸಮ್ಮ ಬಂದು ಕೂಗಿದಾಗ ಸೊಸೆ ಮೊದಲಿನ ಹಾಗೆಯೇ, "ಹುಷಾರು ಅಕ್ಕ," ಎಂದಳು. ನಿಜ ಹೇಳಲು ಬಾಯಿಯೇ ಬರಲಿಲ್ಲ. ರೋಗ ಎಂದು ತಿಳಿದರೆ ಊಟ ತರುವವರೂ ಹೆದರಿ ಬಿಟ್ಟುಬಿಟ್ಟರೆ? ಆಸ್ಪತ್ರೆಗೆ ಹೋದರೆ ಹೆಸರು ಪೊಲೀಸರಿಗೆ ಹೋಗುತ್ತದಂತೆ, ಮಂಚದಿಂದಲೇ ಯಾರನ್ನೋ ಎಬ್ಬಿಸಿ ವಿಮಾನ ಹತ್ತಿಸಿದರಂತೆ ಎಂಬ ಸುದ್ದಿ ಅವರಂಥವರ ನಡುವೆ ಓಡಾಡುತ್ತಿತ್ತು. ನಿಜವೋ ಸುಳ್ಳೋ ಯಾರಿಗೆ ಗೊತ್ತು. ಅವಳು ಬಾಗಿಲಿಗೆ ಎರಡು ಹಾಸಿಗೆಗಳನ್ನು ಒತ್ತಿ ನಿಲ್ಲಿಸಿದಳು, ಕೆಮ್ಮು ಓಣಿಗೆ ಕೇಳಿಸದಿರಲೆಂದು. ಊರು ಎಷ್ಟು ನಿಶ್ಶಬ್ದವಾಗಿತ್ತೆಂದರೆ ಎದುರು ಮನೆಯ ಲೋಟ ಬಿದ್ದರೂ ಇಲ್ಲಿಗೆ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಓಣಿಯಲ್ಲಿ ಬೂಟಿನ ಸದ್ದಾಯಿತು. ಒಬ್ಬರದಲ್ಲ, ಮೂರ್ನಾಲ್ಕು ಜನರದು. ಆರೋಗ್ಯ ಇಲಾಖೆಯವರು ಪೊಲೀಸರನ್ನು ಜೊತೆಗಿಟ್ಟುಕೊಂಡು ಮನೆಮನೆ ತಪಾಸಣೆಗೆ ಹೊರಟಿದ್ದರು. ಪಕ್ಕದ ಬಾಗಿಲು ಬಡಿದರು. ಆಮೇಲೆ ಈ ತಗಡಿಗೇ ಬಿತ್ತು ಲಾಠಿಯ ಏಟು.

"ಯಾರ್ರೀ ಒಳಗೆ?"

ಅದೇ ಹೊತ್ತಿಗೆ ಅತ್ತೆಯ ಎದೆಯಿಂದ ಕೆಮ್ಮು ಏಳುವುದು ಸೊಸೆಗೆ ಕಾಣಿಸಿತು. ಒಂದೇ ನೆಗೆತಕ್ಕೆ ಹೋಗಿ ಅವರ ಬಾಯಿಯ ಮೇಲೆ ಕೈಯಿಟ್ಟು ಒತ್ತಿದಳು. ಅತ್ತೆ ತಲೆ ಕೊಡವಿದರು. ಇನ್ನೊಂದು ಕೈಯಿಂದ ತಲೆಯನ್ನೂ ಹಿಡಿದಳು.

"ಗೋದಾಮು ಸಾರ್. ಬೀಗ ಹಾಕಿದೆ," ಎಂದಿತು ಹೊರಗೆ ಪಕ್ಕದ ಮನೆಯವನ ದನಿ.

"ಮುಂದೆ ಬೀಗ. ಹಿಂದೆ ಚಿಲಕ ಒಳಗಿಂದ ಹಾಕ್ದಂಗಿದೆಯಲ್ಲ?"

ತಗಡು ಇನ್ನೊಮ್ಮೆ ಅದುರಿತು. ಅತ್ತೆಯ ಕಣ್ಣು ಹೊರಬರುವಂತೆ ಉಬ್ಬಿತು, ಕಾಲು ನೆಲಕ್ಕೆ ಉಜ್ಜಿತು. ಸೊಸೆ ಇನ್ನೂ ಒತ್ತಿದಳು. ತಾನು ಏನು ಮಾಡುತ್ತಿದ್ದೇನೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವಳ ಕಿವಿಯೆಲ್ಲ ಬಾಗಿಲ ಕಡೆಗಿತ್ತು. ಕೊನೆಗೆ ಬೂಟುಗಳು ಮುಂದೆ ಹೋದವು. ಆಗ ಕೈಯ ಕೆಳಗೆ ನೋಡಿದಳು. ಅತ್ತೆಯ ತುಟಿ ನೀಲಿಯಾಗಿತ್ತು. ಕೈಕಾಲು ಆಡುತ್ತಿರಲಿಲ್ಲ.

"ಅತ್ತೆ! ಅತ್ತೆ!"

ಭುಜ ಹಿಡಿದು ಅಲುಗಿಸಿದಳು, ಮುಖಕ್ಕೆ ನೀರೆರಚಿದಳು. ಹರಿದ ಬಟ್ಟೆಯಂಥ ಸದ್ದು ಮಾಡುತ್ತ ಉಸಿರು ಒಳಗೆ ಹೋಯಿತು. ಅತ್ತೆ ಬಹಳ ಹೊತ್ತು ಏದುಸಿರು ಬಿಟ್ಟು, "ಸೊಸೆ ಅತ್ತೇನ ಕೊಂದ್ಲು ಅಂದ್ರೆ ಯಾವ ಊರಲ್ಲಾದ್ರೂ ನಂಬ್ತಾರೆ ಕಣೇ," ಎಂದರು. "ಅದಕ್ಕೆ ಅರ್ಜಿಗಿರ್ಜಿ ಏನೂ ಬೇಡ."

ಸೊಸೆಗೆ ನಗು ಬರಲಿಲ್ಲ. ಪೊಲೀಸರಿಗಿಂತ ಹೆಚ್ಚಾಗಿ ಈಗ ಅವಳಿಗೆ ತನ್ನ ಕೈಯ ಭಯ ಹತ್ತಿತು. ಆ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಗೊರಗಿ ಕೂತಳು.

ಸಂಜೆ ಬಸ್ಸಮ್ಮ ಬಂದು ಕೂಗಿದಾಗ ಹಾಸಿಗೆಗಳನ್ನು ಸರಿಸಿ ಬಾಗಿಲು ತೆರೆದಳು.

"ಅಕ್ಕ, ನಾನು ಸುಳ್ಳು ಹೇಳಿದೆ. ಅತ್ತೆಗೆ ಜ್ವರ. ಉಸಿರು ಬರ್ತಾ ಇಲ್ಲ."

ಬಸ್ಸಮ್ಮ ದಢಕ್ಕನೆ ಹಿಂದೆ ಸರಿದಳು. ಮುಖದ ಬಟ್ಟೆಯ ಮೇಲಿನ ಕಣ್ಣುಗಳಲ್ಲಿ ಭಯ ಎದ್ದು ಕಾಣುತ್ತಿತ್ತು. ಅವಳ ಮನೆಯಲ್ಲಿ ಆಸ್ತಮಾ ಇರುವ ಗಂಡನಿದ್ದ. ತಿರುಗಿ, ಬಿರಬಿರನೆ ಓಣಿ ದಾಟಿ ಹೋಗಿಬಿಟ್ಟಳು.

ಹೋಯಿತು, ಇನ್ನು ಎಲ್ಲ ಮುಗಿಯಿತು ಎಂದುಕೊಂಡಳು ಸೊಸೆ. ಊಟವೂ ಇಲ್ಲ, ಬಹುಶಃ ಪೊಲೀಸರಿಗೂ ಸುದ್ದಿ ಹೋಗುತ್ತದೆ. ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಹೋಗುವುದಾದರೂ ಎಲ್ಲಿಗೆ? ಓಣಿಯ ತುದಿಯಲ್ಲಿ ಗಾಡಿಯೊಂದು ನಿಂತ ಸದ್ದು ಕೇಳಿದಾಗ ಪೊಲೀಸರೇ ಬಂದರೆಂದುಕೊಂಡು ಅತ್ತೆಗೆ ಅಡ್ಡವಾಗಿ ನಿಂತಳು.

ಬಂದವಳು ಬಸ್ಸಮ್ಮನೇ. ಕೈಗೆ ಗ್ಲೌಸ್, ಮೈಗೆಲ್ಲ ಮಳೆಯ ಕೋಟು. ಹಿಂದೆ ಕ್ಷೌರದಂಗಡಿಯವನು, ಒಂದು ಗಾಲಿಕುರ್ಚಿ ತಳ್ಳಿಕೊಂಡು.

"ಯಾಕೆ ಹಾಗೆ ನೋಡ್ತೀಯ? ಬರಿಗೈಲಿ ಏನು ಮಾಡ್ಲಿ ನಾನು? ಕುರ್ಚಿ ತರೋಕೆ ಹೋಗಿದ್ದೆ," ಎಂದಳು. "ಹಿಡಿ, ಆ ಕಡೆ ಹಿಡಿ."

ಆಸ್ಪತ್ರೆಯ ಗೇಟಿನಲ್ಲಿ ಪೊಲೀಸರಿದ್ದರು. ಸೊಸೆ ಗಾಡಿಯೊಳಗೆ ಮುದುರಿಕೊಂಡಳು. ಕಿಟಕಿಯ ಹಿಂದಿದ್ದ ಗುಮಾಸ್ತ ತಲೆಯೆತ್ತದೆಯೇ ವಿಳಾಸ ಕೇಳಿದ. ಬಸ್ಸಮ್ಮ ತನ್ನ ಮನೆಯ ವಿಳಾಸ ಹೇಳಿದಳು.

"ನಿಮಗೆ ಏನಾಗ್ಬೇಕು?"

"ನಮ್ಮ ಮನೇಲಿ ಇರೋರು."

"ಅದಲ್ಲಮ್ಮ, ಸಂಬಂಧ?"

"ಮೊದಲು ಒಳಗೆ ಕರ್ಕೊಳ್ಳಿ ಸಾರ್. ತುಟಿ ನೋಡಿ ಹೇಗಾಗಿದೆ. ಸಂಬಂಧ ಆಮೇಲೆ ಹೇಳ್ತೀನಿ."

ನರ್ಸ್ ಒಬ್ಬಳು ಬಂದು ಅತ್ತೆಯ ಬೆರಳಿಗೆ ಏನೋ ಸಿಕ್ಕಿಸಿ ನೋಡಿ, ಗುಮಾಸ್ತನಿಗಾಗಿ ಕಾಯದೆ ಕುರ್ಚಿಯನ್ನು ಒಳಕ್ಕೆ ತಳ್ಳಿಕೊಂಡು ಓಡಿದಳು. ಅತ್ತೆ ಹಿಂದೆ ತಿರುಗಿ ನೋಡಲು ಕತ್ತು ಹೊರಳಿಸಿದರು. ಅಷ್ಟರಲ್ಲಿ ಬಾಗಿಲು ಮುಚ್ಚಿತು.

ರೋಗಿಯ ಜೊತೆಗಿದ್ದವಳಾದ್ದರಿಂದ ಸೊಸೆ ಯಾರ ಮನೆಯಲ್ಲೂ ಇರುವಂತಿರಲಿಲ್ಲ. ಕ್ಷೌರದಂಗಡಿಯವನು ತನ್ನ ಮುಚ್ಚಿದ ಅಂಗಡಿಯನ್ನೇ ಅವಳಿಗೆ ಬಿಟ್ಟುಕೊಟ್ಟ. ಎರಡು ಗೋಡೆಗೂ ಕನ್ನಡಿ. ಅಲುಗಿದರೆ ಹತ್ತು ಜನ ಅಲುಗಿದಂತೆ ಕಂಡು ಅವಳು ಬೆಚ್ಚಿಬೀಳುತ್ತಿದ್ದಳು. ಬಸ್ಸಮ್ಮನ ಬೀದಿಯವರು ಮೆಟ್ಟಿಲ ಮೇಲೆ ಊಟ ಇಡುತ್ತಿದ್ದರು, ಅವರಲ್ಲಿ ಕನ್ನಡಕದ ಮುದುಕರೊಬ್ಬರು ಕಿಟಕಿಯಾಚೆಯಿಂದ ಕೈಬೀಸಿ ಹೋಗುತ್ತಿದ್ದರು. ಅತ್ತೆ ಇದ್ದಾರೋ ಇಲ್ಲವೋ ಎಂದು ಕೇಳುವುದಕ್ಕೂ ಭಯ.

ಒಂದು ಬೆಳಿಗ್ಗೆ ಕ್ಷೌರದವನು ಕಿಟಕಿಯ ಸಂದಿಯಿಂದ ಫೋನ್ ಚಾಚಿದ.

"ಆಸ್ಪತ್ರೆಯಿಂದ. ಗಾಳಿ ಕೊಡೋ ಮಾಸ್ಕ್ ಹಾಕಿದ್ರೆ ಕಿತ್ತು ಬಿಸಾಡ್ತಾರಂತೆ. ಕೈ ಕಟ್ಟಬೇಕಾಗುತ್ತೆ ಅಂತಿದಾರೆ. ನಾನು ಹೇಳಿದೆ, ಕೇಳ್ತಿಲ್ಲ. ನೀನು ಮಾತಾಡಮ್ಮ."

ಸೊಸೆಗೆ ಕಾರಣ ತಕ್ಷಣ ಹೊಳೆಯಿತು. ಫೋನನ್ನು ಕಿವಿಗೆ ಒತ್ತಿಕೊಂಡಳು.

"ಅತ್ತೆ, ನಾನು. ಕೇಳಿಸ್ತಿದೆಯಾ? ಅದು ನನ್ನ ಕೈಯಲ್ಲ ಅತ್ತೆ. ಅವತ್ತು ನಾನು ಉಸಿರು ಕಟ್ಟಿಸಿದೆ. ಇವರು ಉಸಿರು ಕೊಡ್ತಿದಾರೆ. ಹಾಕಿಸ್ಕೊಳ್ಳಿ. ನನಗೆ ಬೇರೆ ಯಾರಿದಾರೆ?"

ಆ ಕಡೆ ಯಂತ್ರಗಳ ಸದ್ದು ಮಾತ್ರ. ಆಮೇಲೆ, ಎಲ್ಲೋ ಬಾವಿಯೊಳಗಿಂದ ಬಂದಂತೆ: "ಅಳಬೇಡ. ಹಾಕ್ಲಿ ಬಿಡು... ನೀನು ಅಲ್ಲೇ ಇರ್ತೀಯ ತಾನೆ?"

"ಇರ್ತೀನಿ."

ಕ್ಷೌರದವನು ಕಿಟಕಿಯಾಚೆ ಮುಖ ತಿರುಗಿಸಿ ನಿಂತಿದ್ದ. ಸ್ವಲ್ಪ ಹೊತ್ತಿಗೆ ನರ್ಸಿನ ದನಿ ಬಂತು: ಹಾಕಿಸಿಕೊಂಡರು, ಗಾಬರಿ ಬೇಡ.

ಅತ್ತೆ ಉಳಿದರು. ಅರ್ಧಕ್ಕರ್ಧ ಇಳಿದುಹೋಗಿ, ಗೋಡೆ ಹಿಡಿದು ನಡೆಯುವ ಸ್ಥಿತಿಯಲ್ಲಿ ಹೊರಗೆ ಬಂದರು. ಬಸ್ಸಮ್ಮ ಇಬ್ಬರನ್ನೂ ತನ್ನ ಮನೆಯ ಮಹಡಿ ಕೋಣೆಗೆ ಕರೆದೊಯ್ದಳು. ಆಸ್ಪತ್ರೆಯಲ್ಲಿ ಕೊಟ್ಟ ವಿಳಾಸ ಹಿಡಿದು ವಲಸೆ ಇಲಾಖೆಯ ಒಬ್ಬ ಅಧಿಕಾರಿ ಅಲ್ಲಿಗೇ ಬಂದ. ಸೊಸೆ ಮೆಟ್ಟಿಲ ಮೇಲೆ ಕೂತು ಕಂಬಿ ಹಿಡಿದುಕೊಂಡು ಕೇಳಿದಳು.

"ಅರ್ಜಿ ತಿರಸ್ಕಾರ ಆದವರನ್ನ ಇಟ್ಕೊಂಡಿದೀರಿ. ನೀವು ಸರ್ಕಾರಿ ನೌಕರರು, ಗೊತ್ತಲ್ಲ?"

"ಗೊತ್ತು," ಎಂದಳು ಬಸ್ಸಮ್ಮ. "ಅಜ್ಜಿಗೆ ನೆಟ್ಟಗೆ ನಿಲ್ಲೋಕಾಗಲ್ಲ. ನಮ್ಮ ಬೀದಿಯವರೆಲ್ಲ ಸೇರಿ ವಕೀಲರನ್ನ ಹಿಡಿದು ಮತ್ತೆ ಅರ್ಜಿ ಹಾಕ್ಸಿದೀವಿ. ಅದು ತೀರ್ಮಾನ ಆಗೋವರೆಗೂ ಇಲ್ಲೇ ಇರ್ತಾರೆ."

ಎದುರು ಮನೆಯವರು ಬಾಗಿಲು ತೆರೆದು ನಿಂತರು. ಪಕ್ಕದವರೂ. ಕನ್ನಡಕದ ಮುದುಕರು ಕುರ್ಚಿ ತಂದು ಗೇಟಿನ ಬಳಿ ಹಾಕಿಕೊಂಡು ಕೂತರು. ಅಧಿಕಾರಿ ಎಲ್ಲರನ್ನೂ ಒಮ್ಮೆ ನೋಡಿ, "ಮತ್ತೆ ಬರ್ತೀನಿ," ಎಂದು ಹೊರಟ.

ಬಸ್ಸಮ್ಮ ಬಾಗಿಲು ಮುಚ್ಚಿದಳು. ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದಳು.

"ಅಕ್ಕ, ನಾವು ಬೇರೆ ಕಡೆ ಹೋಗ್ತೀವಿ. ನಿಮ್ಮ ಕೆಲಸಕ್ಕೆ ಏನಾದ್ರೂ ಆದ್ರೆ..."

"ಆದ್ರೆ ಆಗಲಿ, ಆಮೇಲೆ ನೋಡ್ಕೊಳ್ಳೋಣ," ಎಂದಳು ಆಕೆ, ಅಲ್ಲೇ ನೆಲದ ಮೇಲೆ ಕುಸಿದು ಕೂತು. "ನನಗೂ ಭಯಾನೇ ಕಣೇ. ಒಬ್ಬಳನ್ನೇ ಬಿಟ್ಟು ಹೋಗ್ಬೇಡ ಈಗ. ಬಾ, ಇಲ್ಲಿ ಕೂತ್ಕೋ."

ಸೊಸೆ ಮೆಟ್ಟಿಲಿಳಿದು ಬಂದು ಅವಳ ಪಕ್ಕದಲ್ಲಿ ಕೂತಳು.